ದೊಣ್ಣೆವರಸೆ ಮತ್ತು ಅಂಗಸಾಧನೆ

ಕೋಲು ಎಂಬ ಸಾಮಾನ್ಯ ವಸ್ತುವಿಗೆ ಕನ್ನಡ ನುಡಿಯು ನೀಡಿರುವಷ್ಟು ಪಾತ್ರಗಳನ್ನು ಬೇರೆ ವಸ್ತುಗಳಿಗೆ ನೀಡಿರುವುದು ವಿರಳ. ಮುಪ್ಪಿನಲ್ಲಿ ಅದು ಊರುಗೋಲು, ಹೊಲ ಅಳೆಯುವವನಿಗೆ ಅಳತೆಗೋಲು, ಅಂಬಿಗನಿಗೆ ಹುಟ್ಟುಗೋಲು, ಕುರಿಗಾಹಿಗೆ ಅಡವಿಯ ಸಂಗಾತಿ, ಹಬ್ಬದ ಇರುಳಿನಲ್ಲಿ ಅದೇ ಕೋಲಾಟದ ತಾಳ. ಆದರೆ ಇದೇ ಕೋಲು ತುಸು ದಪ್ಪನಾಗಿ ದೊಣ್ಣೆಯಾದೊಡನೆ ಜನರ ಮಾತಿನಲ್ಲಿ ಅದರ ಬಣ್ಣ ಬದಲಾಗುತ್ತದೆ. ಅನಗತ್ಯ ಅಧಿಕಾರ ಚಲಾಯಿಸುವವನನ್ನು ಕಂಡರೆ “ಇದಕ್ಕೆ ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು?” ಎಂದು ಕೇಳುವುದುಂಟು. “ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆಯ ಪೆಟ್ಟು” ಎಂಬ ಗಾದೆಯನ್ನು ಕೇಳದೆ ಬೆಳೆದ ವಿದ್ಯಾರ್ಥಿಗಳು ಹಿಂದಿನ ತಲೆಮಾರಿನಲ್ಲಿ ಇರಲಿಲ್ಲವೆಂದೇ ಹೇಳಬಹುದು.

ಶಾಲೆಯಲ್ಲಿ ಕೋಲು ಬಹುಕಾಲ ಉಪಾಧ್ಯಾಯರ ಕೈಯಲ್ಲಿಯೇ ಇತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದು, ಮಕ್ಕಳಿಗೆ ದೈಹಿಕ ದಂಡನೆ ನೀಡುವುದನ್ನು ನಿಷೇಧಿಸಿತು. ಹೀಗೆ ಉಪಾಧ್ಯಾಯರ ಕೈಯಿಂದ ಕೋಲು ಕೆಳಗಿಳಿದುದು ಸರ್ವಥಾ ಯೋಗ್ಯವೇ. ಆದರೆ ಆ ಕೋಲನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು, ಅವನ ಅಂಗಾಂಗಗಳಿಗೆ ಶಿಕ್ಷಣ ನೀಡುತ್ತಿದ್ದ ಒಂದು ಪ್ರಾಚೀನ ವಿದ್ಯೆಯು ಈ ನಾಡಿನಲ್ಲಿಯೇ ಇತ್ತೆಂಬುದನ್ನು ಅನೇಕರು ಮರೆತಿದ್ದಾರೆ. ಅದೇ ದೊಣ್ಣೆವರಸೆ. ಸಂಸ್ಕೃತದ ‘ದಂಡ’ ಎಂಬ ಪದಕ್ಕೆ ಕೋಲು ಎಂಬ ಅರ್ಥವೂ ಇದೆ, ಶಿಕ್ಷೆ ಎಂಬ ಅರ್ಥವೂ ಇದೆ. ಗರಡಿಯವರು ಅದೇ ಹೆಸರಿನಿಂದ ಒಂದು ವ್ಯಾಯಾಮವನ್ನೂ ಕರೆಯುತ್ತಾರೆ. ಶಾಲೆಯು ಎರಡನೆಯ ಅರ್ಥವನ್ನು ಕೈಬಿಟ್ಟ ಈ ಕಾಲದಲ್ಲಿ ಮೂರನೆಯ ಅರ್ಥವನ್ನು ನೆನೆಯುವುದು ಉಚಿತವಾಗಿದೆ.

ವಿದ್ಯೆಯ ಹಿನ್ನೆಲೆ

ವರಸೆ ಎಂದರೆ ಕ್ರಮ, ಸಾಲು, ಸರಣಿ. ಸಂಗೀತದ ಅಭ್ಯಾಸಿಯು ಸರಳೆವರಸೆ, ಜಂಟಿವರಸೆಗಳನ್ನು ಕ್ರಮವಾಗಿ ಸಾಧಿಸುವಂತೆ ಗರಡಿಯ ಅಭ್ಯಾಸಿಯು ಕೋಲಿನ ಚಲನೆಗಳನ್ನು ಒಂದರ ಮೇಲೊಂದರಂತೆ ಸಾಧಿಸುತ್ತಾನೆ. ಮನಬಂದಂತೆ ಕೋಲು ಬೀಸುವುದು ವರಸೆಯಲ್ಲ. ಹೆಜ್ಜೆ, ಕೈ, ದೃಷ್ಟಿ, ಉಸಿರು ಇವು ನಾಲ್ಕೂ ಒಂದು ಕ್ರಮಕ್ಕೆ ಒಳಪಟ್ಟಾಗ ಮಾತ್ರ ಅದು ವರಸೆ ಎನಿಸುತ್ತದೆ.

ಕನ್ನಡ ನಾಡಿನಲ್ಲಿ ಅಂಗಸಾಧನೆಗೆ ದೀರ್ಘವಾದ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಆಹಾರ, ಅಭ್ಯಾಸ, ಸ್ಪರ್ಧೆಗಳ ವಿವರಗಳು ದೊರೆಯುತ್ತವೆ. ಅನಂತರದ ಕಾಲದಲ್ಲಿ ಹಳೆಯ ಮೈಸೂರು ಸೀಮೆಯಲ್ಲಿ ಗರಡಿಮನೆಗಳೂ ಉತ್ತರ ಕರ್ನಾಟಕದಲ್ಲಿ ತಾಲೀಮುಗಳೂ ಈ ಪರಂಪರೆಯನ್ನು ಹೊತ್ತು ನಡೆದವು. ಕೆಮ್ಮಣ್ಣಿನ ಅಖಾಡದಲ್ಲಿ ಕುಸ್ತಿಯೇ ಪ್ರಧಾನವಾಗಿದ್ದರೂ ದಂಡ, ಬೈಠಕ್, ಗದೆ, ಕತ್ತಿವರಸೆ, ದೊಣ್ಣೆವರಸೆಗಳಿಗೂ ಅಲ್ಲಿ ಸ್ಥಾನವಿತ್ತು. ಮೈಸೂರು ದಸರೆಯ ಮೆರವಣಿಗೆಯಲ್ಲಿಯೂ ಹಳ್ಳಿಗಳ ಜಾತ್ರೆಗಳಲ್ಲಿಯೂ ದೊಣ್ಣೆವರಸೆಯ ತಂಡಗಳನ್ನು ಕಾಣಬಹುದು.

ನೆರೆಯ ನಾಡುಗಳಲ್ಲಿ ಇದೇ ವಿದ್ಯೆ ಬೇರೆ ಬೇರೆ ರೂಪಗಳಲ್ಲಿ ಬೆಳೆದಿದೆ. ತಮಿಳುನಾಡಿನ ಸಿಲಂಬವು ಇವುಗಳಲ್ಲಿ ಪ್ರಸಿದ್ಧವಾದುದು. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಅದು ಪ್ರದರ್ಶನ ಕ್ರೀಡೆಯಾಗಿ ಸೇರಿತು. ಕೇರಳದ ಕಳರಿಪಯಟ್ಟಿನಲ್ಲಿ ಶಿಕ್ಷಣಕ್ಕೆ ನಿಯತವಾದ ಹಂತಗಳಿವೆ. ಮೊದಲು ‘ಮೈತ್ತಾರಿ’ ಎಂಬ ದೇಹಾಭ್ಯಾಸ, ಬಳಿಕ ‘ಕೋಲ್ತಾರಿ’ ಎಂಬ ಕೋಲಿನ ಅಭ್ಯಾಸ, ಅದರ ತರುವಾಯವೇ ‘ಅಂಕತ್ತಾರಿ’ ಎಂಬ ಲೋಹಾಯುಧಗಳ ಅಭ್ಯಾಸ. ಮೈ ಪಳಗದವನಿಗೆ ಕೋಲಿಲ್ಲ, ಕೋಲು ಪಳಗದವನಿಗೆ ಕಬ್ಬಿಣವಿಲ್ಲ ಎಂಬ ಈ ನಿಯಮದಲ್ಲಿ ಅಡಗಿರುವ ಶಿಕ್ಷಣತತ್ತ್ವವು ಇಂದಿನ ಶಾಲೆಗಳಿಗೂ ಅನ್ವಯಿಸುವಂಥದು. ವಡಗರದ ಕಳರಿ ಗುರು ಮೀನಾಕ್ಷಿಯಮ್ಮನವರು ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿಯೂ ಕೋಲು ಹಿಡಿದು ಶಿಷ್ಯರೊಡನೆ ಸೆಣಸುತ್ತಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಮುಚ್ಚಿಯೇ ಇದ್ದುದನ್ನು ನೆನೆದರೆ ಈ ಉದಾಹರಣೆಯ ಮಹತ್ತ್ವ ತಿಳಿಯುತ್ತದೆ.

ಮಹಾರಾಷ್ಟ್ರದ ಅಮರಾವತಿಯಲ್ಲಿ 1914ರಲ್ಲಿ ಆರಂಭವಾದ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳವು ಲಾಠಿ ಮೊದಲಾದ ದೇಶೀಯ ವ್ಯಾಯಾಮಗಳಿಗೆ ಆಧುನಿಕ ಶಿಕ್ಷಣದ ಚೌಕಟ್ಟನ್ನು ಒದಗಿಸಿತು. ಆ ಸಂಸ್ಥೆಯ ತಂಡವು 1936ರ ಒಲಿಂಪಿಕ್ಸ್ ಸಂದರ್ಭದಲ್ಲಿ ಬರ್ಲಿನ್ನಿಗೆ ತೆರಳಿ ಭಾರತೀಯ ವ್ಯಾಯಾಮಗಳನ್ನು ಪ್ರದರ್ಶಿಸಿತು. ಭಾರತದ ಹೊರಗೂ ಕೋಲಿನ ವಿದ್ಯೆಗೆ ಕೊರತೆಯಿಲ್ಲ. ಚೀನದ ಶಾವೊಲಿನ್ ಮಠದ ಸಂನ್ಯಾಸಿಗಳು ಕೋಲಿನ ಪರಿಣತಿಗಾಗಿಯೇ ಹೆಸರಾದವರು. 17ನೆಯ ಶತಮಾನದ ಆದಿಭಾಗದಲ್ಲಿ ಚೆಂಗ್ ಝೊಂಗ್‌ಯೂ ಎಂಬಾತನು ಅವರ ವರಸೆಗಳನ್ನು ಕುರಿತು ಗ್ರಂಥವನ್ನೇ ರಚಿಸಿದನು. ಜಪಾನಿನ ಒಕಿನಾವ ದ್ವೀಪದಲ್ಲಿ ಸುಮಾರು 182 ಸೆಂಟಿಮೀಟರು ಉದ್ದದ ‘ಬೋ’ ಎಂಬ ಕೋಲನ್ನು ಇಂದಿಗೂ ಅಭ್ಯಸಿಸುತ್ತಾರೆ. ಪರಸ್ಪರ ದೂರದ ಜನಾಂಗಗಳು ಒಂದೇ ಉಪಕರಣವನ್ನು ಆರಿಸಿಕೊಂಡುದಕ್ಕೆ ಕಾರಣ ಸರಳವಾಗಿದೆ. ಕೋಲು ಎಲ್ಲೆಡೆ ದೊರೆಯುತ್ತದೆ, ಬೆಲೆಯಿಲ್ಲದೆ ದೊರೆಯುತ್ತದೆ ಮತ್ತು ಮನುಷ್ಯನ ದೇಹದ ಅಳತೆಗೆ ಒಗ್ಗುತ್ತದೆ.

ಕೋಲಿನ ಆಯ್ಕೆ

ಅಭ್ಯಾಸಕ್ಕೆ ಬಿದಿರು ಅಥವಾ ಬೆತ್ತವೇ ಶ್ರೇಷ್ಠ. ಹೆಬ್ಬಿದಿರಿನ ಗಳವು ಒಳಗೆ ಟೊಳ್ಳು. ಗಂಡುಬಿದಿರು ಎನ್ನಿಸಿಕೊಳ್ಳುವ ಸಣ್ಣ ಜಾತಿಯದು ಬಹುಮಟ್ಟಿಗೆ ಗಟ್ಟಿಯಾಗಿರುವುದರಿಂದ ಲಾಠಿಗಳಿಗೆ ಅದನ್ನೇ ಬಳಸುತ್ತಾರೆ. ಎಳೆಯ ಗಳವು ಒಣಗಿದಾಗ ಸೊರಗಿ ಸೀಳುತ್ತದೆ. ಮೂರು ವರ್ಷವಾದರೂ ಬಲಿತುದನ್ನು ಕಡಿದು ನೆರಳಿನಲ್ಲಿ ಒಣಗಿಸಬೇಕು. ಡೊಂಕಿದ್ದರೆ ಹದವಾದ ಕಾವಿಗೆ ಹಿಡಿದು ನೇರಗೊಳಿಸಬಹುದು. ಬಿದಿರಿನ ಬಲವೆಲ್ಲ ಹೊರಮೈಗೆ ಹತ್ತಿರವಿರುವ ದಟ್ಟವಾದ ನಾರಿನಲ್ಲಿದೆ. ಆದಕಾರಣ ಹೊರಮೈಯನ್ನು ಹೆರೆಯದೆ ಗಿಣ್ಣುಗಳನ್ನು ಮಾತ್ರ ಉಜ್ಜಿ ನಯಗೊಳಿಸಿ, ಆಗಾಗ ಎಣ್ಣೆ ಸವರುತ್ತಿದ್ದರೆ ಕೋಲು ಬಹುಕಾಲ ಬಾಳುತ್ತದೆ.

ಕೋಲು ನೆಲದಿಂದ ಅಭ್ಯಾಸಿಯ ಹುಬ್ಬಿನವರೆಗೆ ಇರಬೇಕೆಂಬುದು ವಾಡಿಕೆಯ ಅಳತೆ. ಹೊಸಬರಿಗೆ, ಅದರಲ್ಲಿಯೂ ಚಿಕ್ಕಮಕ್ಕಳಿಗೆ, ಭುಜದವರೆಗಿನ ಹಗುರವಾದ ಕೋಲು ಸಾಕು. ಮುಷ್ಟಿ ಬಿಗಿದಾಗ ಹೆಬ್ಬೆರಳು ತೋರುಬೆರಳನ್ನು ಸುಲಭವಾಗಿ ಮುಟ್ಟುವಷ್ಟು ಮಾತ್ರ ಅದರ ದಪ್ಪವಿರಲಿ. ಪ್ರತಿದಿನವೂ ಅಭ್ಯಾಸಕ್ಕೆ ಮೊದಲು ಕೋಲಿನ ಮೈಯನ್ನು ಬೆರಳಿನಿಂದ ಸವರಿ ನೋಡಿ, ತುದಿಯನ್ನು ನೆಲಕ್ಕೆ ಕುಟ್ಟಿ ಸದ್ದನ್ನು ಆಲಿಸಬೇಕು. ಒಡಕು ಸದ್ದು ಬಂದರೆ ಆ ಕೋಲನ್ನು ಮುಲಾಜಿಲ್ಲದೆ ಬದಿಗಿರಿಸಬೇಕು. ಸೀಳಿದ ಬಿದಿರು ಚಾಕುವಿಗಿಂತ ಕೇಡು.

ಶಕ್ತಿ ವೃದ್ಧಿಯಾಗುವ ಬಗೆ

ಅರ್ಧ ಕಿಲೋಗ್ರಾಂ ತೂಗುವ ಕೋಲಿನಿಂದ ಎಂತಹ ಶಕ್ತಿ ಬಂದೀತು ಎಂಬ ಶಂಕೆ ಸಹಜ. ಇದಕ್ಕೆ ಉತ್ತರವು ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆ. ವಸ್ತುವನ್ನು ಎತ್ತುವಾಗ ಅದರ ತೂಕ ಮಾತ್ರ ಗಣನೆಗೆ ಬರುತ್ತದೆ. ತಿರುಗಿಸುವಾಗ ಆ ತೂಕವು ತಿರುಗುವ ಬಿಂದುವಿನಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದೂ ಗಣನೆಗೆ ಬರುತ್ತದೆ. ಇದನ್ನು ಜಡತ್ವದ ಭ್ರಮಣಾಂಕವೆನ್ನುತ್ತಾರೆ. ಏಕರೂಪವಾದ ಕೋಲೊಂದನ್ನು ನಟ್ಟನಡುವೆ ಹಿಡಿದು ತಿರುಗಿಸುವುದಕ್ಕಿಂತ ತುದಿಯಲ್ಲಿ ಹಿಡಿದು ತಿರುಗಿಸುವಾಗ ಈ ಅಂಕವು ನಾಲ್ಕು ಪಟ್ಟಾಗುತ್ತದೆ. ಅಂದರೆ ಕೋಲನ್ನು ಬದಲಿಸದೆ, ಹಿಡಿಯುವ ಸ್ಥಳವನ್ನು ನಡುವಿನಿಂದ ತುದಿಯ ಕಡೆಗೆ ಅಂಗುಲ ಅಂಗುಲವಾಗಿ ಸರಿಸುತ್ತ ಹೋದರೆ ವ್ಯಾಯಾಮದ ಭಾರವು ತಾನೇ ಹೆಚ್ಚುತ್ತದೆ. ಹಣ ತೆತ್ತು ಬೇರೆ ಬೇರೆ ತೂಕದ ಗುಂಡುಗಳನ್ನು ಕೊಳ್ಳಲಾರದ ಹಳ್ಳಿಯ ಹುಡುಗನಿಗೆ ಒಂದೇ ಕೋಲು ಹಲವು ತೂಕಗಳ ಕೆಲಸವನ್ನು ಮಾಡಿಕೊಡುತ್ತದೆ.

ವೇಗದ ಲೆಕ್ಕವೂ ಕುತೂಹಲಕರವಾಗಿದೆ. ಒಂದೂವರೆ ಮೀಟರು ಉದ್ದದ ಕೋಲನ್ನು ನಡುವಿನಲ್ಲಿ ಹಿಡಿದು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಅದರ ತುದಿಯು ಸೆಕೆಂಡಿಗೆ ಸುಮಾರು 9.4 ಮೀಟರು, ಎಂದರೆ ಗಂಟೆಗೆ ಸುಮಾರು 34 ಕಿಲೋಮೀಟರು ವೇಗದಲ್ಲಿ ಸಾಗುತ್ತದೆ. ತುದಿಯಲ್ಲಿ ಹಿಡಿದು ಅದೇ ಗತಿಯಲ್ಲಿ ತಿರುಗಿಸಿದರೆ ವೇಗವು ಇಮ್ಮಡಿಯಾಗುತ್ತದೆ. ಈ ವೇಗವನ್ನು ಹುಟ್ಟಿಸುವುದು ಅಷ್ಟೇನೂ ಕಷ್ಟವಲ್ಲ. ಬೇಕಾದೆಡೆಯಲ್ಲಿ, ಬೇಕಾದ ಕ್ಷಣದಲ್ಲಿ ಅದನ್ನು ನಿಲ್ಲಿಸುವುದೇ ನಿಜವಾದ ಕಷ್ಟ. ನಿಲ್ಲಿಸುವಾಗ ಮುಂಗೈ, ತೋಳು, ಹೆಗಲು, ಬೆನ್ನುಗಳ ಸ್ನಾಯುಗಳು ಹಿಗ್ಗುತ್ತಲೇ ಬಿಗಿಯಾಗಿ ಎಳೆದು ಹಿಡಿಯಬೇಕಾಗುತ್ತದೆ. ಸ್ನಾಯುಗಳಿಗೆ ಬಲ ಬರುವಲ್ಲಿ ಇಂತಹ ಕಾರ್ಯದ ಪಾತ್ರ ದೊಡ್ಡದು. ಗರಡಿಯ ಉಸ್ತಾದರು ಬೀಸುವವನಿಗಿಂತ ತಡೆದು ನಿಲ್ಲಿಸುವವನನ್ನು ಮೆಚ್ಚುವುದರ ಹಿಂದೆ ಈ ಅನುಭವವಿದೆ.

ಕೋಲು ಕೈಯಲ್ಲಿದ್ದರೂ ಬಲದ ಮೂಲವು ಪಾದದಲ್ಲಿದೆ. ಕೋಲು ಬಲಕ್ಕೆ ತಿರುಗುವಾಗ ಅದು ದೇಹವನ್ನು ಎಡಕ್ಕೆ ತಿರುಗಿಸಲು ಯತ್ನಿಸುತ್ತದೆ; ಆ ಎಳೆತವನ್ನು ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳು ತಡೆದು, ತೊಡೆಯ ಮೂಲಕ ನೆಲಕ್ಕೆ ಸಾಗಿಸುತ್ತವೆ. ಮೊಣಕಾಲು ಸಡಿಲಿಸಿ, ಪಾದಗಳನ್ನು ಹೆಗಲಿನ ಅಗಲಕ್ಕೆ ಇರಿಸಿ ನಿಲ್ಲದವನು ಎರಡೇ ಸುತ್ತಿಗೆ ತೂಗಾಡತೊಡಗುತ್ತಾನೆ. ಆದುದರಿಂದಲೇ ಒಳ್ಳೆಯ ಗುರುಗಳು ಆರಂಭದ ದಿನಗಳಲ್ಲಿ ಕೋಲನ್ನು ಮುಟ್ಟಗೊಡದೆ ಹೆಜ್ಜೆಗಳನ್ನು ಮಾತ್ರ ಇಡಿಸುತ್ತಾರೆ.

ಹಿಡಿತದ ಬಲವು ಅಲ್ಪ ವಿಷಯವೆಂದು ಭಾವಿಸಬಾರದು. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ವಯಸ್ಕರನ್ನು ಒಳಗೊಂಡ ಒಂದು ಸಮೀಕ್ಷೆಯ ಫಲಿತಾಂಶಗಳು 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದವು. ಮುಷ್ಟಿಯ ಹಿಡಿತದ ಬಲವು ಐದು ಕಿಲೋಗ್ರಾಂ ಕಡಿಮೆಯಿದ್ದಂತೆಲ್ಲ ಮರಣದ ಸಂಭವವು ಶೇಕಡಾ 16ರಷ್ಟು ಅಧಿಕವಾಗಿ ಕಂಡುಬಂದಿತು. ಹಿಡಿತವೊಂದೇ ಆಯುಸ್ಸನ್ನು ಬೆಳೆಸುತ್ತದೆ ಎಂದು ಇದರ ಅರ್ಥವಲ್ಲ. ಒಟ್ಟು ದೇಹದ ಸ್ಥಿತಿಯನ್ನು ಕೈಯ ಹಿಡಿತವು ತೋರಿಸಿಕೊಡುತ್ತದೆ ಎಂದಷ್ಟೇ ಅರ್ಥ.

ಹೊಂದಾಣಿಕೆಯ ರಹಸ್ಯ

ಶಕ್ತಿಗಿಂತಲೂ ಹೊಂದಾಣಿಕೆಯೇ ದೊಣ್ಣೆವರಸೆಯ ಹಿರಿಯ ಫಲ. ಶರೀರದ ಬಲಭಾಗವನ್ನು ಮಿದುಳಿನ ಎಡಭಾಗವೂ ಎಡಭಾಗವನ್ನು ಬಲಭಾಗವೂ ಬಹುಮಟ್ಟಿಗೆ ನಿಯಂತ್ರಿಸುತ್ತವೆ. ಎರಡೂ ಕೈಗಳು ಒಂದೇ ಕೋಲಿನ ಮೇಲೆ ಬೇರೆ ಬೇರೆ ಕೆಲಸಗಳನ್ನು ಮಾಡಬೇಕಾದಾಗ, ಒಂದು ಕೈ ತಳ್ಳುತ್ತಿರಲು ಇನ್ನೊಂದು ಎಳೆಯಬೇಕಾದಾಗ, ಮಿದುಳಿನ ಎರಡು ಪಾರ್ಶ್ವಗಳೂ ನಿರಂತರವಾಗಿ ಸುದ್ದಿ ವಿನಿಮಯ ಮಾಡಿಕೊಳ್ಳಬೇಕಾಗುತ್ತದೆ. ಉದ್ದೇಶಿಸಿದ ಚಲನೆಗೂ ನಡೆದ ಚಲನೆಗೂ ಇರುವ ಅಂತರವನ್ನು ಗುರುತಿಸಿ ತಿದ್ದುವ ಕಾರ್ಯವನ್ನು ಹಿಮ್ಮಿದುಳು ನಡೆಸುತ್ತದೆ. ಅಭ್ಯಾಸವೆಂದರೆ ಈ ತಿದ್ದುಪಡಿಯ ಪುನರಾವೃತ್ತಿಯೇ ಹೊರತು ಬೇರೆಯಲ್ಲ.

ಹೊಸದಾಗಿ ಶಕ್ತಿಸಾಧನೆಗೆ ತೊಡಗಿದವರಲ್ಲಿ ಮೊದಲ ಕೆಲವು ವಾರಗಳಲ್ಲಿ ಬಲವು ಹೆಚ್ಚುವುದು ಸ್ನಾಯುಗಳು ದಪ್ಪವಾಗುವುದರಿಂದಲ್ಲ. ಇರುವ ಸ್ನಾಯುಗಳನ್ನೇ ನರಮಂಡಲವು ಹೆಚ್ಚು ಜಾಣತನದಿಂದ ದುಡಿಸಿಕೊಳ್ಳುವುದರಿಂದ. ಹೀಗೆ ನೋಡಿದರೆ ಶಕ್ತಿಯೂ ಹೊಂದಾಣಿಕೆಯೂ ಬೇರೆ ಬೇರೆ ಗುಣಗಳಲ್ಲ. ತೋಳು ದಪ್ಪಗಾಗಲಿಲ್ಲವೆಂದು ಹದಿನೈದು ದಿನಕ್ಕೇ ನಿರಾಶರಾಗುವ ಹುಡುಗರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಅಭ್ಯಾಸವು ಮಿದುಳಿನ ರಚನೆಯ ಮೇಲೂ ಪ್ರಭಾವ ಬೀರಬಲ್ಲುದು. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಜರ್ಮನಿಯ ಸಂಶೋಧನೆಯೊಂದರಲ್ಲಿ, ಮೂರು ಚೆಂಡುಗಳನ್ನು ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಅಭ್ಯಸಿಸಿದವರ ಮಿದುಳಿನಲ್ಲಿ, ಚಲನೆಯನ್ನು ಕಣ್ಣಿನಿಂದ ಗ್ರಹಿಸುವ ಭಾಗಗಳು ತುಸು ಹಿಗ್ಗಿದುದು ಕಂಡುಬಂದಿತು. ಅಭ್ಯಾಸವನ್ನು ಬಿಟ್ಟ ಮೂರು ತಿಂಗಳಲ್ಲಿ ಆ ಹಿಗ್ಗು ಇಳಿಮುಖವಾಯಿತು. ಆ ಪ್ರಯೋಗವು ಚೆಂಡಿನದು, ಕೋಲಿನದಲ್ಲ. ಆದರೂ ಕಣ್ಣು ಕೈಗಳ ವಿದ್ಯೆಯು ಗಳಿಸಿದಷ್ಟೇ ಸಹಜವಾಗಿ ಕಳೆದುಹೋಗುವಂಥದು ಎಂಬ ಎಚ್ಚರಿಕೆ ಅದರಲ್ಲಿದೆ. ದಿನಕ್ಕೆ ಇಪ್ಪತ್ತು ನಿಮಿಷದ ನಿಯತವಾದ ಅಭ್ಯಾಸವು ವಾರಕ್ಕೊಮ್ಮೆ ಮಾಡುವ ಎರಡು ಗಂಟೆಯ ಅಭ್ಯಾಸಕ್ಕಿಂತ ಮೇಲೆಂದು ಗರಡಿಯ ಹಿರಿಯರು ಹೇಳುವುದು ಇದಕ್ಕೇ.

ಅಭ್ಯಾಸದ ಕ್ರಮ

ಮೊದಲ ಪಾಠ ನಿಲುವು ಮತ್ತು ಹೆಜ್ಜೆ. ಒಂದು ಪಾದ ಮುಂದೆ, ಇನ್ನೊಂದು ಹಿಂದೆ. ಭಾರ ಎರಡರ ಮೇಲೂ ಸಮನಾಗಿರಬೇಕು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹೆಜ್ಜೆಯಿಡುವಾಗ ತಲೆಯ ಎತ್ತರ ಬದಲಾಗಬಾರದು. ಕಾಲು ಕಾಲಿಗೆ ತೊಡರಬಾರದು. ಕೋಲಾಟದ ಹೆಜ್ಜೆ ಬಲ್ಲ ಮಕ್ಕಳಿಗೆ ಈ ಪಾಠ ಬೇಗ ಒಲಿಯುತ್ತದೆ. ತಾಳಕ್ಕೆ ಸರಿಯಾಗಿ ತಿರುಗುವುದು, ಎದುರಿನವನ ಕೋಲಿಗೆ ತನ್ನ ಕೋಲನ್ನು ಕೂಡಿಸುವುದು ಅವರಿಗೆ ಈಗಾಗಲೇ ರೂಢಿಯಾಗಿರುತ್ತದೆ.

ಎರಡನೆಯದು ಹಿಡಿತ. ಕೋಲನ್ನು ಮನಸ್ಸಿನಲ್ಲಿ ಮೂರು ಸಮಭಾಗ ಮಾಡಿ, ಆ ಗಡಿಗಳಲ್ಲಿ ಎರಡೂ ಕೈಗಳನ್ನು ಇರಿಸಬೇಕು. ಹಾಲು ಕರೆಯುವವನ ಬೆರಳುಗಳಂತೆ ಹಿಡಿತವು ಹದವಾಗಿರಬೇಕು. ಸಡಿಲವಾದರೆ ಹಾಲಿಳಿಯದು, ಬಿಗಿಯಾದರೆ ಹಸು ಒದೆಯುತ್ತದೆ. ಸದಾ ಬಿಗಿದ ಮುಷ್ಟಿಯಿಂದ ಮುಂಗೈ ಬೇಗ ಸೋಲುತ್ತದೆ. ಕೋಲು ಕೋಲಿಗೆ ತಾಗುವ ಕ್ಷಣದಲ್ಲಿ ಮಾತ್ರ ಬೆರಳುಗಳು ಬಿಗಿಯಬೇಕು.

ಮೂರನೆಯದು ಒಂಟಿಕೈಯ ತಿರುಗಣೆ. ಕೋಲನ್ನು ನಡುವಿನಲ್ಲಿ ಹಿಡಿದು, 8ರ ಅಂಕಿಯನ್ನು ಅಡ್ಡಲಾಗಿ ಮಲಗಿಸಿದ ಆಕಾರವನ್ನು ಅದರ ತುದಿಯಿಂದ ದೇಹದ ಮುಂದೆ ಬರೆಯಬೇಕು. ತುದಿಯು ಒಮ್ಮೆ ಎಡ ಹೆಗಲಿನ ಹೊರಗೆ, ಮರುಕ್ಷಣ ಬಲ ಹೆಗಲಿನ ಹೊರಗೆ ಇಳಿಯುತ್ತದೆ. ಇಲ್ಲಿ ದುಡಿಯಬೇಕಾದುದು ಮಣಿಕಟ್ಟು, ಮೊಣಕೈಯಲ್ಲ. ಆರಂಭವು ಎಡಗೈಯಿಂದಲೇ ಆಗಲಿ. ಬಲಗೈಯವರು ಎಡಗೈಯನ್ನು ಕೊನೆಗೆ ಉಳಿಸಿಕೊಂಡರೆ ಅಷ್ಟು ಹೊತ್ತಿಗೆ ಉತ್ಸಾಹವೂ ತೀರಿ ಸಮಯವೂ ತೀರಿರುತ್ತದೆ. ಎರಡೂ ಕೈಗಳು ಪಳಗಿದ ಬಳಿಕ, ತಿರುಗುತ್ತಿರುವ ಕೋಲನ್ನು ನಿಲ್ಲಿಸದೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದನ್ನೂ, ಅನಂತರ ಬೆನ್ನ ಹಿಂದೆ ದಾಟಿಸುವುದನ್ನೂ ಕಲಿಯಬೇಕು. ಬೆನ್ನ ಹಿಂದಿನ ಕೋಲು ಕಣ್ಣಿಗೆ ಕಾಣದು. ಅಂಗಾಂಗಗಳು ಎಲ್ಲಿವೆ ಎಂಬುದನ್ನು ಕೀಲು ಮತ್ತು ಸ್ನಾಯುಗಳೇ ಮಿದುಳಿಗೆ ತಿಳಿಸುವ ಒಳಅರಿವು ಈ ಹಂತದಲ್ಲಿ ಚುರುಕಾಗುತ್ತದೆ.

ನಾಲ್ಕನೆಯ ಹಂತದಲ್ಲಿ ತಿರುಗಣೆಯನ್ನೂ ಹೆಜ್ಜೆಯನ್ನೂ ಕೂಡಿಸಬೇಕು. ಪ್ರತ್ಯೇಕವಾಗಿ ಸುಲಭವಾಗಿದ್ದ ಎರಡು ಕಾರ್ಯಗಳು ಒಂದಾದೊಡನೆ ಕಠಿಣವಾಗುವುದನ್ನು ಪ್ರತಿಯೊಬ್ಬ ಅಭ್ಯಾಸಿಯೂ ಕಾಣುತ್ತಾನೆ. ಕೈ ನೆನಪಾದರೆ ಕಾಲು ಮರೆಯುತ್ತದೆ. ಕಾಲು ನೆನಪಾದರೆ ಕೋಲು ಮೊಣಕಾಲಿಗೆ ಬಡಿಯುತ್ತದೆ. ಇಲ್ಲಿ ಗತಿಯನ್ನು ಅರ್ಧಕ್ಕೆ ಇಳಿಸಿ, ಎಣಿಕೆ ಹೇಳುತ್ತ ಸಾಗುವುದೇ ಉಪಾಯ. ಉಸಿರನ್ನು ಕಟ್ಟಬಾರದು, ಬೀಸುವಾಗ ಬಿಡುವುದು, ಮರಳುವಾಗ ಎಳೆದುಕೊಳ್ಳುವುದು ರೂಢಿ.

ಐದನೆಯದು ಜೋಡಿ ಅಭ್ಯಾಸ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂಬ ನಾಲ್ಕೇ ಪೆಟ್ಟುಗಳು. ಅವಕ್ಕೆ ನಾಲ್ಕೇ ತಡೆಗಳು. ಪೆಟ್ಟು ಕೊಡುವವನು ಮೊದಲು ಅದರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು. ಕೋಲು ಎದುರಿನವನ ಕೋಲನ್ನು ಮಾತ್ರ ಮುಟ್ಟಬೇಕು, ತಡೆ ತಪ್ಪಿದರೆ ಮೈಯಿಂದ ಒಂದು ಗೇಣು ದೂರದಲ್ಲಿಯೇ ನಿಲ್ಲಬೇಕು. ಒಂಟಿಯಾಗಿ ಅಭ್ಯಸಿಸುವವನು ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಳ್ಳುವ ಅಪಾಯವಿದೆ. ಎದುರಿಗೆ ಒಬ್ಬನಿದ್ದಾಗ ಅಂತರ, ಸಮಯ, ನಂಬಿಕೆ ಎಂಬ ಮೂರು ಪಾಠಗಳು ಹೊಸದಾಗಿ ಸೇರುತ್ತವೆ. ಇಲ್ಲಿ ದೃಷ್ಟಿಯನ್ನು ಕೋಲಿನ ತುದಿಯಲ್ಲಿ ನೆಡಬಾರದು. ಎದುರಾಳಿಯ ಎದೆಯ ಮೇಲೆ ನೋಟವನ್ನು ಸಡಿಲವಾಗಿ ಇರಿಸಿದರೆ ಅವನ ಹೆಗಲು, ಕೈ, ಕಾಲುಗಳೆಲ್ಲವೂ ಏಕಕಾಲಕ್ಕೆ ಗೋಚರಿಸುತ್ತವೆ. ಕೋಲು ಚಲಿಸುವುದಕ್ಕೆ ಮುನ್ನವೇ ಹೆಗಲು ಸುಳಿವು ಕೊಡುತ್ತದೆ.

ಎಚ್ಚರಿಕೆಗಳು

ಕೋಲನ್ನು ತುದಿಯಲ್ಲಿ ಹಿಡಿದು ಬೀಸುವವನ ಕೈಯ ಉದ್ದವೂ ಸೇರಿದರೆ ಅವನ ಸುತ್ತಳತೆಯ ವ್ಯಾಪ್ತಿಯು ಎರಡು ಮೀಟರನ್ನು ಮೀರುತ್ತದೆ. ಆದ್ದರಿಂದ ಇಬ್ಬರು ಅಭ್ಯಾಸಿಗಳ ನಡುವೆ ಐದು ಮೀಟರಾದರೂ ಅಂತರವಿರಬೇಕು. ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಸ್ಥಾನಗಳನ್ನು ಗೊತ್ತುಪಡಿಸುವುದು ಉತ್ತಮ. ಗುರುಗಳು ‘ನಿಲ್ಲು’ ಎಂದಾಗ ಎಲ್ಲ ಕೋಲುಗಳೂ ಒಂದೇ ಕ್ಷಣದಲ್ಲಿ ನಿಲ್ಲಬೇಕು. ಈ ಆಜ್ಞೆಯನ್ನು ಮೊದಲ ದಿನವೇ ಕಲಿಸಬೇಕು. ಕಣ್ಣಿಗೆ ಬಿದ್ದ ಪೆಟ್ಟನ್ನು ಮರಳಿ ಪಡೆಯಲಾಗದು. ಜೋಡಿ ಅಭ್ಯಾಸದಲ್ಲಿ ಕಣ್ಣು ಮತ್ತು ತಲೆಗೆ ರಕ್ಷಣೆ ಇರಲೇಬೇಕು. ಹತ್ತು ವರ್ಷದೊಳಗಿನವರಿಗೆ ಒಂಟಿ ಅಭ್ಯಾಸವೇ ಸಾಕು.

ಮಣಿಕಟ್ಟು, ಮೊಣಕೈಗಳಲ್ಲಿ ನೋವು ಕಂಡರೆ ಅದು ಹಿಡಿತ ಬಿಗಿಯಾಗಿದೆ ಅಥವಾ ಅಭ್ಯಾಸ ಅತಿಯಾಗಿದೆ ಎಂಬುದರ ಸೂಚನೆ. ಅದನ್ನು ಸಹಿಸಿಕೊಂಡು ಮುಂದುವರಿಯುವುದು ಪೌರುಷವಲ್ಲ. ದೊಣ್ಣೆವರಸೆಯೊಂದೇ ಸಂಪೂರ್ಣ ವ್ಯಾಯಾಮವೆಂದು ತಿಳಿಯುವುದೂ ಸಲ್ಲದು. ಓಟದಿಂದ ಬರುವ ದಮ್ಮು, ಬೈಠಕ್‌ನಿಂದ ಬರುವ ತೊಡೆಯ ಬಲ ಇದರಿಂದ ಪೂರ್ತಿಯಾಗಿ ದೊರೆಯಲಾರವು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಚುರುಕಾದ ಚಟುವಟಿಕೆ ಬೇಕೆಂದೂ, ವಾರದಲ್ಲಿ ಮೂರು ದಿನಗಳಾದರೂ ಅದರಲ್ಲಿ ಸ್ನಾಯು ಹಾಗೂ ಮೂಳೆಗಳನ್ನು ಬಲಪಡಿಸುವ ಅಂಶವಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಆ 60 ನಿಮಿಷಗಳಲ್ಲಿ 20 ನಿಮಿಷಗಳನ್ನು ಕೋಲಿಗೆ ಮೀಸಲಿಡುವುದು ಹಿತಮಿತವಾದ ಪಾಲು.

ಕೋಲಿನ ನೀತಿ

ಮಕ್ಕಳ ಕೈಗೆ ದೊಣ್ಣೆ ಕೊಟ್ಟರೆ ಅವರು ಜಗಳಗಂಟರಾಗುವುದಿಲ್ಲವೇ ಎಂದು ಹೆತ್ತವರು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳ್ಳಿಯ ವ್ಯಾಜ್ಯಗಳಲ್ಲಿ ಬಡಿಗೆಗಳು ಎದ್ದ ಕಥೆಗಳು ಎಲ್ಲ ಊರುಗಳಲ್ಲಿಯೂ ಇವೆ. ವಿದ್ಯೆಯನ್ನು ಕೇವಲ ಪೆಟ್ಟುಗಳ ಪಟ್ಟಿಯಾಗಿ ಕಲಿಸಿದರೆ ಆ ಭಯ ನಿಜವಾಗಲೂಬಹುದು. ಆದರೆ ವರಸೆಯ ಒಳರಚನೆಯೇ ಇದಕ್ಕೆ ಮದ್ದನ್ನು ಒಳಗೊಂಡಿದೆ. ಅಭ್ಯಾಸಿಯು ತಿಂಗಳುಗಟ್ಟಲೆ ಕಲಿಯುವುದು ಪೆಟ್ಟನ್ನು ತಡೆದು ನಿಲ್ಲಿಸುವುದನ್ನು. ತನ್ನ ಕೋಲಿನ ತುದಿಯ ವೇಗವೆಷ್ಟು, ಅದು ತಾಗಿದರೆ ಆಗುವ ಅನಾಹುತವೆಷ್ಟು ಎಂಬುದನ್ನು ಅರಿತವನು, ಅರಿಯದವನಿಗಿಂತ ಕೋಲೆತ್ತಲು ಹೆಚ್ಚು ಹಿಂಜರಿಯುತ್ತಾನೆ. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ನಡೆದುಕೊಳ್ಳುವುದು ಗಾದೆಯಲ್ಲಿ ಲೋಕಚಾತುರ್ಯ. ಗರಡಿಯಲ್ಲಿ ಅದು ದಿನನಿತ್ಯದ ಪಾಠ.

ಇದಕ್ಕೆ ಗುರುವಿನ ನಡತೆಯೇ ಆಧಾರ. ಅಖಾಡಕ್ಕೆ ಇಳಿಯುವಾಗ ಮಣ್ಣನ್ನು ಮುಟ್ಟಿ ನಮಿಸುವುದು, ಎದುರಾಳಿಗೆ ಕೈಮುಗಿಯುವುದು, ಅಭ್ಯಾಸದ ಬಳಿಕ ಕೋಲನ್ನು ಎಸೆಯದೆ ಅದರ ಸ್ಥಾನದಲ್ಲಿ ನಿಲ್ಲಿಸುವುದು, ಇಂತಹ ಸಣ್ಣ ಆಚಾರಗಳೇ ಬಲಕ್ಕೆ ಕಡಿವಾಣ. ಕಿರಿಯನೊಡನೆ ಅಭ್ಯಸಿಸುವಾಗ ಹಿರಿಯನು ಅವನ ಗತಿಗೆ ಇಳಿಯಬೇಕೆಂಬ ನಿಯಮವನ್ನು ಪಾಲಿಸಿದ ಹುಡುಗನು, ಪಾಠದ ಕೋಣೆಯಲ್ಲಿಯೂ ಹಿಂದುಳಿದ ಗೆಳೆಯನಿಗಾಗಿ ಒಂದು ಕ್ಷಣ ಕಾಯುವುದನ್ನು ಕಲಿತಿರುತ್ತಾನೆ.

ಉಳಿಯಬೇಕಾದ ಬಗೆ

ದೊಣ್ಣೆವರಸೆಯು ಬಹುಮಟ್ಟಿಗೆ ಬರಹಕ್ಕೆ ಇಳಿಯದ ವಿದ್ಯೆ. ಯಾವ ತಿರುಗಣೆಯ ನಂತರ ಯಾವುದು, ಯಾವ ಹೆಜ್ಜೆಗೆ ಯಾವ ಹೊರಳು ಎಂಬುದು ಉಸ್ತಾದರ ಮೈಯಲ್ಲಿದೆ, ಪುಸ್ತಕದಲ್ಲಿಲ್ಲ. ಶಿಷ್ಯನಿಲ್ಲದೆ ಒಬ್ಬ ಉಸ್ತಾದರು ಕಣ್ಮುಚ್ಚಿದರೆ ಅವರೊಡನೆ ಒಂದು ವರಸೆಯೂ ಮಣ್ಣಾಗುತ್ತದೆ. ಚಿತ್ರಗಳಿಂದಲೂ ಚಲಚ್ಚಿತ್ರಗಳಿಂದಲೂ ಹೊರಗಿನ ಆಕಾರವನ್ನು ದಾಖಲಿಸಬಹುದು. ಮುಷ್ಟಿ ಎಲ್ಲಿ ಸಡಿಲವಾಗಿತ್ತು, ಎಲ್ಲಿ ಬಿಗಿಯಾಗಿತ್ತು ಎಂಬುದು ಚಿತ್ರದಲ್ಲಿ ಮೂಡದು. ಅದು ಕೈಯಿಂದ ಕೈಗೆ ಬರಬೇಕಾದ ಸೊತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ದೇಶೀಯ ಕ್ರೀಡೆಗಳನ್ನು ಕಲಿಕೆಯೊಡನೆ ಬೆಸೆಯಬೇಕೆಂದು ಹೇಳಿದೆ. ಇದಕ್ಕೆ ಭಾರಿ ವೆಚ್ಚವೇನೂ ಬೇಕಿಲ್ಲ. ಊರಿನಲ್ಲಿ ವರಸೆ ಬಲ್ಲ ಹಿರಿಯರೊಬ್ಬರಿದ್ದರೆ ಅವರನ್ನು ವಾರಕ್ಕೆ ಎರಡು ದಿನ ಗೌರವದಿಂದ ಶಾಲೆಗೆ ಬರಮಾಡಿಕೊಳ್ಳಬಹುದು. ದೈಹಿಕ ಶಿಕ್ಷಣದ ಉಪಾಧ್ಯಾಯರು ಅವರ ಪಕ್ಕದಲ್ಲಿ ನಿಂತು ಕ್ರಮವನ್ನು ಬರೆದುಕೊಳ್ಳಬಹುದು. ಬಾಲಕರಿಗೂ ಬಾಲಕಿಯರಿಗೂ ಒಂದೇ ಅಂಗಳ, ಒಂದೇ ಅಳತೆಯ ಕೋಲು, ಒಂದೇ ಪಾಠವಿರಲಿ. ಓಟದಲ್ಲಿ ಹಿಂದುಳಿಯುವ, ಚೆಂಡಾಟದ ತಂಡಕ್ಕೆ ಯಾರೂ ಆರಿಸಿಕೊಳ್ಳದ ಮಗುವಿಗೆ ಇಲ್ಲೊಂದು ಆಸರೆಯಿದೆ. ಕೋಲಿನೊಡನೆ ಅದು ಸ್ಪರ್ಧಿಸಬೇಕಾದುದು ನಿನ್ನೆಯ ತನ್ನೊಡನೆ ಮಾತ್ರ. ನಿನ್ನೆ ಐದು ಸುತ್ತಿಗೆ ಕೈತಪ್ಪಿದ ಕೋಲು ಇಂದು ಏಳು ಸುತ್ತು ನಿಂತರೆ ಆ ಗೆಲುವನ್ನು ಯಾರೂ ಕಸಿಯಲಾರರು.

ಕನ್ನಡದ ಆಡುಮಾತಿನಲ್ಲಿ ‘ದಂಡ’ ಎಂಬುದಕ್ಕೆ ವ್ಯರ್ಥ ಎಂಬ ಅರ್ಥವೂ ಇದೆ. ಸಾವಿರಾರು ಕೈಗಳು ಪಳಗಿಸಿ ಉಳಿಸಿದ ಈ ವಿದ್ಯೆಯು ಆ ಅರ್ಥದ ಪಾಲಾಗುವುದೋ, ಸಾಧನೆಯ ಅರ್ಥದಲ್ಲಿ ಉಳಿಯುವುದೋ ಎಂಬುದು ಇಂದಿನ ಶಾಲೆಗಳ ಅಂಗಳಗಳಲ್ಲಿ ನಿರ್ಣಯವಾಗಬೇಕಾಗಿದೆ. ಹೆದರಿಸುವ ಕೋಲು ಶಾಲೆಯಿಂದ ಹೋಗಿದೆ. ಅದು ಮರಳಿ ಬಾರದಿರಲಿ. ಅದು ತೆರವು ಮಾಡಿದ ಮೂಲೆಯಲ್ಲಿ ಎಣ್ಣೆ ಸವರಿದ, ಮಕ್ಕಳ ಹುಬ್ಬಿನ ಎತ್ತರದ ಕೆಲವು ಬಿದಿರುಗೋಲುಗಳು ಸಾಲಾಗಿ ನಿಲ್ಲಲಿ.